ತಂಬಾಕಿನಂಗಡಿಗೆ ಬಂದ ಕ್ವಿನೈನ್

ರೋಮ್ ನಗರದಲ್ಲಿ ಟೈಬರ್ ನದಿಯ ದಡದಲ್ಲಿ, ವ್ಯಾಟಿಕನ್ನಿಗೆ ಕೂಗಳತೆಯಲ್ಲಿ, ಸಾಂತೊ ಸ್ಪಿರಿತೊ ಎಂಬ ಹಳೆಯ ಆಸ್ಪತ್ರೆಯಿದೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಜುಲೈ ಬಂತೆಂದರೆ ಅಲ್ಲಿನ ವಾರ್ಡುಗಳು ಚಳಿಜ್ವರದವರಿಂದ ತುಂಬಿಹೋಗುತ್ತಿದ್ದವು. ಅವರಲ್ಲಿ ಹೆಚ್ಚಿನವರು ನಗರದವರಲ್ಲ. ಗುಡ್ಡಗಾಡು ಸೀಮೆಗಳಿಂದ ಗೋಧಿ ಕೊಯ್ಲಿಗೆಂದು ಗುಳೆ ಬಂದ ಕೂಲಿಗಳು. ರೋಮಿನ ಸುತ್ತಲ ಬಯಲಿಗೆ ಕಂಪಾನ್ಯ ಎಂದು ಹೆಸರು. ಸಾವಿರಾರು ಎಕರೆಯ ಆ ಜಮೀನುಗಳು ಕೆಲವೇ ಮನೆತನಗಳ ಕೈಯಲ್ಲಿದ್ದವು. ಒಡೆಯರು ಊರಿನ ಅರಮನೆಗಳಲ್ಲಿದ್ದು ಭೂಮಿಯನ್ನು ಗುತ್ತಿಗೆಗೆ ಕೊಡುತ್ತಿದ್ದರು. ಗುತ್ತಿಗೆದಾರ ಮೇಸ್ತ್ರಿಯ ಮೂಲಕ ಆಳುಗಳನ್ನು ತರಿಸುತ್ತಿದ್ದ. ಆಳುಗಳು ಹುಲ್ಲಿನ ಗುಡಿಸಲಲ್ಲೋ ಗುಹೆಯಲ್ಲೋ ಮಲಗಿ ರಾತ್ರಿ ಕಳೆಯುತ್ತಿದ್ದರು. ಕೊಯ್ಲು ಮುಗಿಯುವುದರೊಳಗೆ ಜ್ವರ ಹಿಡಿಯುತ್ತಿತ್ತು. ಗುಲ್ಮ ಊದಿಕೊಂಡು ಹೊಟ್ಟೆ ಬಿಗಿಯುತ್ತಿತ್ತು. ನಮ್ಮ ಮಲೆನಾಡಿನ ಹಿರಿಯರು ಜ್ವರಗಡ್ಡೆ ಎಂದು ಕರೆದದ್ದು ಇದನ್ನೇ.

ಆಗಿನ ಇಟಲಿಯಲ್ಲಿ ಮಲೇರಿಯಾದಿಂದ ವರ್ಷಕ್ಕೆ ಸುಮಾರು 15 ಸಾವಿರ ಜನ ಸಾಯುತ್ತಿದ್ದರು. ಜ್ವರ ತಗಲಿದವರ ಸಂಖ್ಯೆ 20 ಲಕ್ಷದ ಆಸುಪಾಸು ಇತ್ತೆಂಬ ಅಂದಾಜಿದೆ. ರೈಲು ಕಂಪನಿಗಳಿಗೆ ತಮ್ಮ ಸಿಬ್ಬಂದಿಯ ಜ್ವರವೇ ದೊಡ್ಡ ಖರ್ಚಾಗಿತ್ತು. 1882ರಲ್ಲಿ ಲುಯಿಜಿ ತೊರೆಲ್ಲಿ ಎಂಬ ಸೆನೆಟರ್ ಇಡೀ ದೇಶದ ಮಲೇರಿಯಾ ನಕ್ಷೆಯನ್ನು ಪ್ರಕಟಿಸಿದಾಗ, ಹೊಸದಾಗಿ ಒಂದುಗೂಡಿದ ರಾಷ್ಟ್ರ ತನ್ನ ಮೈಮೇಲಿನ ಹುಣ್ಣನ್ನು ಮೊದಲ ಬಾರಿಗೆ ಒಟ್ಟಾಗಿ ನೋಡಿತು. ನಕ್ಷೆ ತಯಾರಿಸಿದವನು ವೈದ್ಯನಲ್ಲ, ರಾಜಕಾರಣಿ. ಈ ಕತೆಯಲ್ಲಿ ಹಾಗೆ ಆಗುತ್ತಲೇ ಇರುತ್ತದೆ.

ಜ್ವರ ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಜೌಗು ನೆಲದಿಂದ ಏಳುವ ಕೆಟ್ಟ ಗಾಳಿಯೇ ಕಾರಣ ಎಂಬುದು ಶತಮಾನಗಳ ನಂಬಿಕೆ. 1879ರಲ್ಲಿ ಕ್ಲೆಬ್ಸ್ ಮತ್ತು ತೊಮ್ಮಾಸಿ-ಕ್ರುದೆಲಿ ಎಂಬ ಇಬ್ಬರು ಹೆಸರಾಂತ ವಿಜ್ಞಾನಿಗಳು ಕಂಪಾನ್ಯದ ಮಣ್ಣಿನಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿತೆಂದೂ ಅದೇ ಮಲೇರಿಯಾದ ಮೂಲವೆಂದೂ ಸಾರಿದ್ದರು. ರೋಮಿನ ವೈದ್ಯರು ಅದನ್ನು ಒಪ್ಪಿಕೊಂಡಿದ್ದರು. ಮರುವರ್ಷ, 1880ರ ನವೆಂಬರ್ 6ರಂದು, ಅಲ್ಜೀರಿಯಾದ ಕಾನ್‌ಸ್ಟಂಟೀನ್ ಪಟ್ಟಣದಲ್ಲಿ ಫ್ರೆಂಚ್ ಸೈನ್ಯದ ವೈದ್ಯ ಲಾವೆರಾನ್ ಒಬ್ಬ ಸೈನಿಕನ ರಕ್ತದಲ್ಲಿ ಬಾಲಗಳನ್ನು ಬೀಸಿ ಒದ್ದಾಡುವ ಜೀವಿಯೊಂದನ್ನು ಕಂಡ. 1882ರಲ್ಲಿ ಸಾಂತೊ ಸ್ಪಿರಿತೊಗೇ ಬಂದು ಅಲ್ಲಿಯ ಎತ್ತೊರೆ ಮಾರ್ಕಿಯಾಫಾವ, ಆಂಜೆಲೊ ಚೆಲ್ಲಿ ಎಂಬ ವೈದ್ಯರಿಗೆ ಅದನ್ನು ತೋರಿಸಿದ. ಅವರು ನಂಬಲಿಲ್ಲ. ಜ್ವರದಿಂದ ಕೆಟ್ಟುಹೋದ ರಕ್ತಕಣದ ಚೂರುಗಳಿರಬೇಕು ಎಂದುಕೊಂಡರು.

ನಂಬಲಿಲ್ಲ, ಆದರೆ ನೋಡುವುದನ್ನು ಬಿಡಲಿಲ್ಲ. ಅವರ ದೊಡ್ಡತನ ಇರುವುದು ಇಲ್ಲಿ. ರೋಗಿಯ ಬೆರಳಿಗೆ ಸೂಜಿ ಚುಚ್ಚಿ ತೆಗೆದ ಹನಿಯನ್ನು ಒಣಗಿಸಿ, ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿ ನೋಡಿದಾಗ ಕೆಂಪು ಕಣದೊಳಗೆ ಪುಟ್ಟ ನೀಲಿ ಉಂಗುರಗಳು ಕಂಡವು. ಬಣ್ಣ ಹಚ್ಚಿದರೆ ಜೀವಿ ಸಾಯುತ್ತದೆ, ಸತ್ತದ್ದು ಏನು ಬೇಕಾದರೂ ಆಗಿರಬಹುದು. ಹಾಗಾಗಿ ಬಣ್ಣ ಬಿಟ್ಟು, ಆಗತಾನೇ ತೆಗೆದ ಬೆಚ್ಚಗಿನ ರಕ್ತವನ್ನೇ ಗಾಜಿನ ನಡುವೆ ತೆಳ್ಳಗೆ ಹರಡಿ, ಹೆಚ್ಚು ಶಕ್ತಿಯ ಮಸೂರದ ಕೆಳಗಿಟ್ಟು ಕಾದರು. ಕಣದೊಳಗೆ ಬಣ್ಣವೇ ಇಲ್ಲದ ಒಂದು ಚುಕ್ಕೆ ಮೆಲ್ಲಗೆ ಆಕಾರ ಬದಲಿಸುತ್ತಿತ್ತು. ಒಂದು ಕಡೆ ಚಾಚಿ, ಇನ್ನೊಂದು ಕಡೆ ಮುದುಡಿ, ಮತ್ತೆ ದುಂಡಗಾಗುತ್ತಿತ್ತು. ಬೆಳೆದಂತೆಲ್ಲ ಅದರೊಳಗೆ ಕಪ್ಪು ಹರಳುಗಳು ಸೇರುತ್ತಿದ್ದವು. ಅದು ತಿಂದ ರಕ್ತದ ಉಳಿಕೆ. ಸತ್ತ ಚೂರು ಹೀಗೆ ಹರಿದಾಡುವುದಿಲ್ಲ. 1885ರಲ್ಲಿ ಅವರು ಆ ಜೀವಿಗೆ ಪ್ಲಾಸ್ಮೋಡಿಯಂ ಎಂದು ಹೆಸರಿಟ್ಟರು. ಇವತ್ತಿಗೂ ಅದೇ ಹೆಸರು. ರೋಗಿಯ ರಕ್ತವನ್ನು ಮಲೇರಿಯಾ ಇಲ್ಲದವರಿಗೆ ಚುಚ್ಚಿ ಜ್ವರ ಬರಿಸಿಯೂ ನೋಡಿದ್ದರು. ಆ ಕಾಲದಲ್ಲಿ ಅದು ಸಹಜವೆನಿಸಿತ್ತು. ಓದುವಾಗ ನನಗೆ ಸಂಕಟವಾಗುತ್ತದೆ.

ಅದೇ ವರ್ಷಗಳಲ್ಲಿ ಉತ್ತರದ ಪವಿಯಾದಲ್ಲಿ ಕಮಿಲ್ಲೊ ಗೊಲ್ಜಿ ಎಂಬ ವೈದ್ಯವಿಜ್ಞಾನಿ ಇನ್ನೊಂದು ಗಂಟು ಬಿಚ್ಚಿದರು. ಚಳಿಜ್ವರ ಗಡಿಯಾರ ನೋಡಿಕೊಂಡು ಬರುತ್ತದೆ: ಕೆಲವರಿಗೆ ದಿನ ಬಿಟ್ಟು ದಿನ, ಕೆಲವರಿಗೆ ಎರಡು ದಿನ ಬಿಟ್ಟು. ಯಾಕೆ? ಗೊಲ್ಜಿ ಒಬ್ಬೊಬ್ಬ ರೋಗಿಯ ರಕ್ತವನ್ನೂ ಗಂಟೆಗಂಟೆಗೆ ನೋಡಿದರು. ಕಣದೊಳಗಿನ ಜೀವಿಗಳು ಒಟ್ಟಿಗೇ ಬೆಳೆದು, ಒಟ್ಟಿಗೇ ಹೋಳಾಗಿ, ಒಟ್ಟಿಗೇ ಕಣ ಒಡೆದು ಹೊರಬೀಳುವ ಗಳಿಗೆಯಲ್ಲೇ ರೋಗಿಗೆ ನಡುಕ ಶುರುವಾಗುತ್ತಿತ್ತು. ಎರಡು ಬಗೆಯ ಜ್ವರ ತರುವವು ಎರಡು ಬೇರೆ ಬೇರೆ ಜೀವಿಗಳೆಂಬುದೂ ಇದರಿಂದ ತಿಳಿಯಿತು. ರೋಮಿನವರು ಬೇಸಿಗೆಯ ಕೊನೆಗೆ ಬರುವ ಮಾರಕ ಜ್ವರದ ಜೀವಿಯೇ ಬೇರೆಯೆಂದು ಗುರುತಿಸಿದರು. ಹಾಸಿಗೆಯ ಪಕ್ಕದ ಜ್ವರದ ಪಟ್ಟಿಗೂ ಸೂಕ್ಷ್ಮದರ್ಶಕಕ್ಕೂ ಹೀಗೆ ಗಂಟೆಗೆ ಗಂಟೆ ತಾಳೆ ಹಾಕಿದ ಉದಾಹರಣೆ ವೈದ್ಯಕೀಯದ ಚರಿತ್ರೆಯಲ್ಲಿ ಅದಕ್ಕೆ ಮೊದಲು ಬಹಳ ಇಲ್ಲ.

ಈಗ ಆಂಜೆಲೊ ಚೆಲ್ಲಿಯ ಬಗ್ಗೆ ಸ್ವಲ್ಪ ಹೇಳಬೇಕು. 1857ರಲ್ಲಿ ಮಾರ್ಕೆ ಪ್ರಾಂತ್ಯದ ಕಾಲ್ಯಿ ಎಂಬ ಊರಲ್ಲಿ ಹುಟ್ಟಿದವರು. ರೋಮ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಪ್ರಾಧ್ಯಾಪಕರಾದರು. ಆಸ್ಪತ್ರೆಯಲ್ಲಿ ಗುಣವಾದ ಕೂಲಿ ಮುಂದಿನ ಬೇಸಿಗೆಗೆ ಅದೇ ಗುಡಿಸಲಿಗೆ ಹೋಗಿ ಅದೇ ಜ್ವರದೊಂದಿಗೆ ಮರಳುವುದನ್ನು ಅವರು ವರ್ಷವರ್ಷವೂ ನೋಡುತ್ತಿದ್ದರು. 1892ರಲ್ಲಿ ಚುನಾವಣೆಗೆ ನಿಂತು ಗೆದ್ದು ಸಂಸತ್ತಿಗೆ ಹೋದರು. ಕುಳಿತದ್ದು ‘ಎಸ್ತ್ರೇಮ’ದ ಸಾಲಿನಲ್ಲಿ. ರ‍್ಯಾಡಿಕಲ್, ರಿಪಬ್ಲಿಕನ್, ಸಮಾಜವಾದಿ ಎಂಬ ಮೂರು ಬಣಗಳಿದ್ದ ಕಡು ಎಡದ ಗುಂಪು ಅದು. ಆಗಿನ ಇಟಲಿಯಲ್ಲಿ ಮತ ಹಾಕಲು ಗಂಡಸಾಗಿರಬೇಕು, ಓದು ಬರಹವೂ ಬರಬೇಕು. ಕಂಪಾನ್ಯದ ಕೂಲಿಗಳಿಗೆ ಅಕ್ಷರ ಬರುತ್ತಿರಲಿಲ್ಲ. ತಮಗೆ ಮತ ಕೊಡಲಾಗದವರ ಪರವಾಗಿ ಮಾತಾಡಲು ಈ ವೈದ್ಯರು ಸಂಸತ್ತಿಗೆ ಹೋದರು ಎಂಬುದು ಇಡೀ ಕತೆಯಲ್ಲಿ ನನ್ನ ಮನಸ್ಸಿನಲ್ಲಿ ನಿಂತ ಸಂಗತಿ.

ರಕ್ತದೊಳಗಿನ ಜೀವಿ ಸಿಕ್ಕಿತು. ಅದು ಒಬ್ಬರ ರಕ್ತದಿಂದ ಇನ್ನೊಬ್ಬರ ರಕ್ತಕ್ಕೆ ದಾಟುವುದು ಹೇಗೆ? ಸೊಳ್ಳೆಯ ಮೇಲೆ ಅನುಮಾನ ಹಲವರಿಗಿತ್ತು. ರೋಮಿನಲ್ಲಿ ಅಮೀಕೊ ಬಿನ್ಯಾಮಿ 1896ರಲ್ಲೇ ಸೊಳ್ಳೆ ಕಚ್ಚಿ ರೋಗ ಒಳಹೊಗಿಸುತ್ತದೆಂದು ವಾದಿಸಿದ್ದರು. ಪುರಾವೆಯ ಮೊದಲ ಎಳೆ ಸಿಕ್ಕಿದ್ದು ನಮ್ಮ ದೇಶದಲ್ಲಿ. ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರು ದಂಡಿನ ವೈದ್ಯನಾಗಿದ್ದಾಗ, ನೀರು ನಿಲ್ಲದಂತೆ ನೋಡಿಕೊಂಡರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದನ್ನು ಗಮನಿಸಿದ್ದ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಮಲೇರಿಯಾ ರೋಗಿಯ ರಕ್ತ ಕುಡಿದ ಚುಕ್ಕೆ ರೆಕ್ಕೆಯ ಸೊಳ್ಳೆಯೊಂದರ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಹರಳಿದ್ದ ಕೋಶಗಳನ್ನು ಕಂಡ. ಮರುವರ್ಷ ಕಲ್ಕತ್ತದಲ್ಲಿ ಹಕ್ಕಿಗಳ ಮಲೇರಿಯಾ ಸೊಳ್ಳೆಯ ಮೂಲಕ ದಾಟುವುದನ್ನು ಪೂರ್ತಿಯಾಗಿ ತೋರಿಸಿದ. ಮನುಷ್ಯರ ಮಲೇರಿಯಾ ಯಾವ ಸೊಳ್ಳೆಯಿಂದ ಎಂಬುದು ಮಾತ್ರ ಉಳಿಯಿತು. ರಾಸ್ ಪ್ರಾಣಿಶಾಸ್ತ್ರ ಓದಿದವನಲ್ಲ; ಸೊಳ್ಳೆಗಳ ಜಾತಿ ಗುರುತಿಸಲು ಅವನಿಗೆ ಬರುತ್ತಿರಲಿಲ್ಲ.

ಬರುತ್ತಿದ್ದದ್ದು ಜೊವಾನ್ನಿ ಬತ್ತಿಸ್ತ ಗ್ರಾಸ್ಸಿಗೆ. ಪವಿಯಾದಲ್ಲಿ ವೈದ್ಯ ಪದವಿ ಪಡೆದೂ ರೋಗಿಗಳ ಬದಲು ಹುಳುಹುಪ್ಪಟೆಗಳ ಹಿಂದೆ ಹೋದ ಮನುಷ್ಯ. 1898ರ ಬೇಸಿಗೆಯಲ್ಲಿ ಗ್ರಾಸ್ಸಿ ಇಟಲಿಯ ಉದ್ದಕ್ಕೂ ಅಲೆದರು. ಜ್ವರವಿದ್ದ ಊರು, ಇಲ್ಲದ ಊರು, ಎರಡಕ್ಕೂ ಹೋಗಿ ಕೊಟ್ಟಿಗೆಗಳಲ್ಲಿ, ಮಲಗುವ ಕೋಣೆಗಳಲ್ಲಿ ಸೊಳ್ಳೆ ಹಿಡಿದು ಜಾತಿ ವಿಂಗಡಿಸಿದರು. ಅವರ ತರ್ಕ ಸರಳ: ಜ್ವರವಿಲ್ಲದ ಊರಲ್ಲೂ ಧಾರಾಳವಾಗಿರುವ ಸೊಳ್ಳೆ ನಿರಪರಾಧಿ. ಹೀಗೆ ಒಂದೊಂದಾಗಿ ಕೈಬಿಡುತ್ತ ಹೋದಾಗ ಕೊನೆಗೆ ಉಳಿದದ್ದು ಅನಾಫಿಲಿಸ್. ರೈತರು ‘ತ್ಸಂತ್ಸರೋನೆ’, ದೊಡ್ಡ ಸೊಳ್ಳೆ, ಎಂದು ಕರೆಯುತ್ತಿದ್ದದ್ದು ಅದನ್ನೇ. ಜ್ವರವಿದ್ದಲ್ಲೆಲ್ಲ ಅದು ಇತ್ತು. ಆದರೆ ಒಂದು ತೊಡಕು: ಅದು ಇದ್ದೂ ಜ್ವರವಿಲ್ಲದ ಊರುಗಳೂ ಕೆಲವು ಸಿಕ್ಕವು.

ಉಳಿದದ್ದು ಪ್ರಯೋಗ. ಹಲವು ವರ್ಷಗಳಿಂದ ಸಾಂತೊ ಸ್ಪಿರಿತೊದಲ್ಲೇ ಇದ್ದ, ಮಲೇರಿಯಾ ಎಂದೂ ಬಾರದಿದ್ದ ಒಬ್ಬ ರೋಗಿ ಒಪ್ಪಿಕೊಂಡ. ಜ್ವರದ ಸೀಮೆಯಿಂದ ತಂದ ಸೊಳ್ಳೆಗಳನ್ನು ರಾತ್ರಿ ಅವನ ಕೋಣೆಯಲ್ಲಿ ಬಿಟ್ಟರು. ನವೆಂಬರ್ ಮೊದಲಿಗೆ ಅವನಿಗೆ ಚಳಿಜ್ವರ ಬಂತು. ರಕ್ತದಲ್ಲಿ ಜೀವಿ ಕಂಡಿತು. ಕ್ವಿನೈನ್ ಕೊಟ್ಟು ಗುಣಪಡಿಸಿದರು. ಗ್ರಾಸ್ಸಿ, ಬಿನ್ಯಾಮಿ ಮತ್ತು ರೋಮಿನ ಇನ್ನೊಬ್ಬ ವೈದ್ಯ ಬಾಸ್ತಿಯಾನೆಲ್ಲಿ ಮೂವರೂ ಸೇರಿ ಸೊಳ್ಳೆಯ ಹೊಟ್ಟೆಯಿಂದ ಜೊಲ್ಲುಗ್ರಂಥಿಯವರೆಗೆ ಆ ಜೀವಿಯ ಪ್ರಯಾಣವನ್ನು ಹಂತಹಂತವಾಗಿ ಹಿಂಬಾಲಿಸಿ, ವರ್ಷ ಮುಗಿಯುವುದರೊಳಗೆ ಲಿಂಚೇಯಿ ಎಂಬ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು.

ಆ 1898 ಇಟಲಿಗೆ ಕರಾಳ ವರ್ಷ. ಮೇ ತಿಂಗಳಲ್ಲಿ ಮಿಲಾನಿನಲ್ಲಿ ರೊಟ್ಟಿಯ ಬೆಲೆ ಏರಿದ್ದಕ್ಕೆ ಬೀದಿಗಿಳಿದ ಜನರ ಮೇಲೆ ಜನರಲ್ ಬಾವ ಬೆಕ್ಕಾರಿಸ್ ಫಿರಂಗಿ ಹಾರಿಸಿದ. ಸಮಾಜವಾದಿಗಳು ಜೈಲು ಸೇರಿದರು. ಮುಂದಿನ ವರ್ಷ ಪ್ರಧಾನಿ ಪೆಲ್ಲು ಅವರ ಸರ್ಕಾರ ಸಭೆ, ಪತ್ರಿಕೆಗಳ ಸ್ವಾತಂತ್ರ್ಯಕ್ಕೆ ಕೈಹಾಕಿದಾಗ ಎಸ್ತ್ರೇಮದವರು ಸಂಸತ್ತನ್ನು ನಡೆಯಗೊಡಲಿಲ್ಲ, ಮತಪೆಟ್ಟಿಗೆಗಳನ್ನೇ ಉರುಳಿಸಿದರು. 1900ರ ಜುಲೈನಲ್ಲಿ ದೊರೆ ಉಂಬೆರ್ತೊನನ್ನು ಮೊಂತ್ಸದಲ್ಲಿ ಗುಂಡಿಟ್ಟು ಕೊಂದರು. ಎಡದವರೂ ಬಲದವರೂ ಮುಖ ನೋಡದ ಕಾಲ.

ಹೀಗಿರುವಾಗ 1898ರಲ್ಲೇ ಚೆಲ್ಲಿ ಮಲೇರಿಯಾ ಅಧ್ಯಯನ ಸಂಘವೊಂದನ್ನು ಕಟ್ಟಿದರು. ಜೊತೆಗೆ ನಿಂತವರು ಎಡದವರಲ್ಲ. ಒಬ್ಬರು ಜುಸ್ತೀನೊ ಫೋರ್ತುನಾತೊ, ದಕ್ಷಿಣದ ಬಾಸಿಲಿಕಾತದ ಜಮೀನ್ದಾರ ಮನೆತನದ ಉದಾರವಾದಿ. ದಕ್ಷಿಣ ಇಟಲಿ ಹಿಂದುಳಿದದ್ದಕ್ಕೆ ಅಲ್ಲಿಯ ಜನರ ಸೋಮಾರಿತನ ಕಾರಣವಲ್ಲ, ಮಣ್ಣು, ನೀರು ಮತ್ತು ಮಲೇರಿಯಾ ಕಾರಣ ಎಂದು ಜೀವನವಿಡೀ ವಾದಿಸಿದವರು. ಇನ್ನೊಬ್ಬರು ಲೆಯೊಪೋಲ್ದೊ ಫ್ರಾಂಕೆತ್ತಿ, 1876ರಲ್ಲಿ ಗೆಳೆಯ ಸೊನ್ನೀನೊ ಜೊತೆ ಸಿಸಿಲಿಯ ರೈತರ ಸ್ಥಿತಿಯನ್ನು ಖುದ್ದಾಗಿ ನೋಡಿ ವರದಿ ಬರೆದ ಬ್ಯಾರನ್. ಫಿರಂಗಿಯ ವಿಷಯದಲ್ಲಿ ಒಪ್ಪದವರು ಸೊಳ್ಳೆಯ ವಿಷಯದಲ್ಲಿ ಒಂದಾದರು.

1900ರ ಬೇಸಿಗೆ ಎರಡು ದೊಡ್ಡ ಪರೀಕ್ಷೆಗಳನ್ನು ಕಂಡಿತು. ಇಂಗ್ಲೆಂಡಿನಿಂದ ಬಂದ ಇಬ್ಬರು ವೈದ್ಯರು ಒಸ್ತಿಯಾ ಬಳಿಯ ಜೌಗಿನಲ್ಲಿ ಬಲೆ ಹೊಡೆದ ಮರದ ಮನೆ ಕಟ್ಟಿಕೊಂಡು, ಸಂಜೆಯಿಂದ ಬೆಳಗಿನವರೆಗೆ ಅದರೊಳಗೇ ಇದ್ದು, ಜ್ವರವಿಲ್ಲದೆ ಹೊರಬಂದರು. ರೋಮಿನಿಂದ ಲಂಡನ್ನಿಗೆ ಕಳಿಸಿದ ಸೊಳ್ಳೆಗಳು ಅಲ್ಲಿಯ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಅವರ ಮಗನನ್ನು ಕಚ್ಚಿ, ಆ ಚಳಿಯ ಊರಲ್ಲೂ ಅವನಿಗೆ ಮಲೇರಿಯಾ ತಂದವು. ಗ್ರಾಸ್ಸಿಯ ಪರೀಕ್ಷೆ ಇದಕ್ಕಿಂತ ದೊಡ್ಡದು, ನನ್ನ ಲೆಕ್ಕದಲ್ಲಿ ಹೆಚ್ಚು ತೂಕದ್ದು. ನೇಪಲ್ಸಿನ ದಕ್ಷಿಣಕ್ಕೆ ಕಪಾಚ್ಚೊ ಬಯಲಿನ ರೈಲು ದಾರಿಯ ಮನೆಗಳ ಕಿಟಕಿ, ಬಾಗಿಲು, ಹೊಗೆಗೂಡಿಗೂ ತಂತಿಬಲೆ ಹೊಡೆಸಿದರು. ಸೂರ್ಯ ಮುಳುಗುವ ಮೊದಲು ಎಲ್ಲರೂ ಒಳಗಿರಬೇಕು. ಕೆಲಸದ ಮೇಲೆ ಹೊರಗಿರುವವರು ಮುಖಕ್ಕೆ ಬಲೆ, ಕೈಗೆ ಗವಸು ಹಾಕಬೇಕು. ಹೀಗೆ ಕಾಪಾಡಿಕೊಂಡವರು ರೈಲ್ವೆ ನೌಕರರೂ ಅವರ ಮನೆಯವರೂ ಸೇರಿ 112 ಮಂದಿ. ಜ್ವರ ಬಂದದ್ದು ಐವರಿಗೆ. ಅದೇ ಸೀಮೆಯಲ್ಲಿ ಬಲೆಯಿಲ್ಲದೆ ಉಳಿದಿದ್ದ ನಾನೂರಕ್ಕೂ ಹೆಚ್ಚು ಜನ ಜ್ವರದಲ್ಲಿ ಬಿದ್ದರು. ಅದೇ ಗಾಳಿ, ಅದೇ ನೀರು. ಕೆಟ್ಟ ಗಾಳಿಯ ಮಾತು ಅಲ್ಲಿಗೆ ಮುಗಿಯಿತು.

ಆದರೆ ಹುಲ್ಲಿನ ಗುಡಿಸಲಿಗೆ ತಂತಿಬಲೆ ಹೊಡೆಯುವುದು ಹೇಗೆ? ಕೂಲಿಗೆ ಸಂಜೆ ಐದಕ್ಕೇ ಕೆಲಸ ಬಿಡು ಎನ್ನುವ ಮೇಸ್ತ್ರಿ ಯಾರು? ಚೆಲ್ಲಿಯ ಯೋಚನೆ ಕ್ವಿನೈನಿನ ಕಡೆ ಹರಿದದ್ದು ಇದರಿಂದ. ಔಷಧ ಹೊಸದಲ್ಲ. ಅದರ ಮೂಲವಾದ ಸಿಂಕೋನ ಮರದ ತೊಗಟೆ ಯುರೋಪಿಗೆ ಬಂದು ಎರಡೂವರೆ ಶತಮಾನ ಕಳೆದಿತ್ತು. ಆದರೂ ಅದು ಬೇಕಾದವರ ಕೈಗೆ ಸೇರುತ್ತಿರಲಿಲ್ಲ: ಬೆಲೆ ಹೆಚ್ಚು, ಕಲಬೆರಕೆ ಹೆಚ್ಚು, ಜ್ವರದ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಔಷಧದಂಗಡಿಯೇ ಇಲ್ಲ. ಪ್ರತಿ ಹಳ್ಳಿಯಲ್ಲೂ ಇದ್ದದ್ದು ಒಂದೇ ಒಂದು ಸರ್ಕಾರಿ ಪರವಾನಗಿಯ ಅಂಗಡಿ, ಉಪ್ಪು ಮತ್ತು ತಂಬಾಕು ಮಾರುವ ಅಂಗಡಿ. ಉಪ್ಪು ಕೊಳ್ಳಲು ಎಲ್ಲರೂ ಅಲ್ಲಿಗೆ ಬರಲೇಬೇಕು. ಕ್ವಿನೈನನ್ನೂ ಅಲ್ಲೇ ಇಡಿ ಎಂದರು ಚೆಲ್ಲಿ. ಸರ್ಕಾರವೇ ಕಚ್ಚಾಮಾಲು ಕೊಳ್ಳಲಿ, ಸರ್ಕಾರವೇ ತಯಾರಿಸಲಿ, ಒಂದೇ ಬೆಲೆಗೆ ಮಾರಲಿ. ಬಂಗಾಳದಲ್ಲಿ 1892ರಿಂದ ಅಂಚೆ ಕಚೇರಿಗಳಲ್ಲಿ ಕ್ವಿನೈನ್ ಪೊಟ್ಟಣ ಸಿಗುತ್ತಿದ್ದದ್ದು ಇಲ್ಲಿ ನೆನಪಿಗೆ ಬರುತ್ತದೆ. ಇಟಲಿಯವರು ಅದಕ್ಕಿಂತ ಮುಂದೆ ಹೋದರು.

ವಿರೋಧ ಬಂತು. ಔಷಧ ವ್ಯಾಪಾರಿಗಳು ತಮ್ಮ ಹೊಟ್ಟೆಯ ಮೇಲೆ ಹೊಡೆದಂತಾಯಿತು ಎಂದರು. ಸರ್ಕಾರ ವ್ಯಾಪಾರಕ್ಕೆ ಇಳಿಯುವುದೇ ತಪ್ಪು ಎನ್ನುವವರೂ ಇದ್ದರು. ಅಷ್ಟಾದರೂ, ದೊರೆಯ ಕೊಲೆಯಾದ ವರ್ಷವೇ, ಸಂಸತ್ತು 1900ರ ಡಿಸೆಂಬರ್ 23ರಂದು ಸರ್ಕಾರಿ ಕ್ವಿನೈನಿನ ಕಾನೂನನ್ನು ಮಾಡಿತು. ತಯಾರಿಕೆಯನ್ನು ಟ್ಯೂರಿನ್ನಿನ ಸೈನ್ಯದ ಔಷಧಾಲಯಕ್ಕೆ ವಹಿಸಲಾಯಿತು. 1901ರ ನವೆಂಬರ್ 2ರ ಕಾನೂನು ಇನ್ನೂ ಗಟ್ಟಿ: ಜ್ವರದ ಸೀಮೆಯ ಕೆಲಸಗಾರರ ಕ್ವಿನೈನ್ ಖರ್ಚು ಮಾಲೀಕರ ತಲೆಗೆ ಬಂತು, ರೈಲ್ವೆ ನೌಕರರ ಮನೆಗಳಿಗೆ ತಂತಿಬಲೆ ಕಡ್ಡಾಯವಾಯಿತು. ಕಪಾಚ್ಚೊದ ಪಾಠ ಒಂದೇ ವರ್ಷದಲ್ಲಿ ಕಾನೂನಿನ ಪುಸ್ತಕ ಸೇರಿತು. 1904ರ ಹೊತ್ತಿಗೆ ಜ್ವರದ ಸೀಮೆಯ ಬಡವರಿಗೂ ಕೂಲಿಗಳಿಗೂ ಕ್ವಿನೈನ್ ಪುಕ್ಕಟೆಯಾಯಿತು. ಮಾರಾಟದಿಂದ ಬಂದ ಲಾಭವನ್ನು ಮಲೇರಿಯಾ ವಿರುದ್ಧದ ಕೆಲಸಕ್ಕೇ ಬಳಸಬೇಕೆಂದೂ ಆಯಿತು. ನನ್ನ ಮಟ್ಟಿಗೆ, ಸಾಂತೊ ಸ್ಪಿರಿತೊದ ಗಾಜಿನ ಮೇಲೆ ಕಂಡ ಚುಕ್ಕೆಗೆ ಸಮನಾದ ಆವಿಷ್ಕಾರ ಇದು. ಜ್ವರದ ಔಷಧ ಕೂಲಿಯ ಕರಾರಿನ ಭಾಗ ಎಂಬುದನ್ನು ಅಲ್ಲಿಯವರೆಗೆ ಇಟಲಿಯಲ್ಲಿ ಯಾರೂ ಕಾನೂನಿನಲ್ಲಿ ಬರೆದಿರಲಿಲ್ಲ.

ಬರೆದ ಮಾತ್ರಕ್ಕೆ ನಡೆಯುತ್ತದೆಯೇ? ಮಾಲೀಕರು ಹಣ ಕಟ್ಟಲು ತಕರಾರು ತೆಗೆದರು. ರೈತರಿಗೂ ಅನುಮಾನ: ತೆರಿಗೆ ಕೀಳುವ ಸರ್ಕಾರ ಇದ್ದಕ್ಕಿದ್ದಂತೆ ಗುಳಿಗೆ ಹಂಚುತ್ತದೆ ಎಂದರೆ ಅದರಲ್ಲಿ ವಿಷವಿರಬೇಕು. ಕ್ವಿನೈನ್ ಕಹಿ, ಕಿವಿಯಲ್ಲಿ ಗುಂಯ್‌ಗುಡಿಸುತ್ತದೆ, ಮಕ್ಕಳು ಉಗುಳುತ್ತವೆ. ಅದಕ್ಕಾಗಿ ದೊಡ್ಡವರಿಗೆ ಸಕ್ಕರೆ ಬಳಿದ ಗುಳಿಗೆ, ಮಕ್ಕಳಿಗೆ ಕ್ವಿನೈನ್ ಬೆರೆಸಿದ ಪುಟ್ಟ ಚಾಕೊಲೇಟು ತಯಾರಾದವು. ಆದರೂ ಗುಡಿಸಲಿಗೆ ಹೋಗಿ ಕೈಗಿತ್ತು ನುಂಗಿಸುವವರು ಬೇಕಿತ್ತು. ಚೆಲ್ಲಿಯ ಹೆಂಡತಿ ಆನ್ನ ಫ್ರೆಂಟ್ಸೆಲ್ ಅದನ್ನು ಮಾಡಿದರು. ಬರ್ಲಿನ್ನಿನಲ್ಲಿ ಹುಟ್ಟಿದ ಜರ್ಮನ್ ದಾದಿ, ಗಂಡನಿಗಿಂತ ಇಪ್ಪತ್ತೊಂದು ವರ್ಷ ಚಿಕ್ಕವರು. ಕಂಪಾನ್ಯದ ಗುಡಿಸಲುಗಳ ನಡುವೆ ಕ್ವಿನೈನ್ ಹಿಡಿದು ತಿರುಗುತ್ತಲೇ, ಈ ಜನಕ್ಕೆ ಅಕ್ಷರ ಕಲಿಸದೆ ಯಾವುದೂ ನಿಲ್ಲುವುದಿಲ್ಲ ಎಂಬುದನ್ನು ಕಂಡುಕೊಂಡರು. ಕವಿ ಜೊವಾನ್ನಿ ಚೇನ, ಲೇಖಕಿ ಸಿಬಿಲ್ಲ ಅಲೆರಾಮೊ, ಚಿತ್ರಕಾರ ದುಯಿಲಿಯೊ ಕಂಬೆಲ್ಲೊತ್ತಿ ಕೈಜೋಡಿಸಿದರು. ಗುಡಿಸಲುಗಳಲ್ಲೇ ರಾತ್ರಿಶಾಲೆ, ಭಾನುವಾರದ ಶಾಲೆ ಶುರುವಾದವು. ಓದಲು ಬಂದವನು ಗುಳಿಗೆಯ ಸೂಚನೆಯನ್ನು ಓದಬಹುದಿತ್ತು. ಗಂಡಸಾಗಿದ್ದರೆ ಮತವನ್ನೂ ಹಾಕಬಹುದಿತ್ತು.

ಮಲೇರಿಯಾದ ಸಾವು ವರ್ಷವರ್ಷಕ್ಕೆ ಇಳಿಯಿತು. ಶತಮಾನದ ಮೊದಲಿಗೆ 15 ಸಾವಿರದಷ್ಟಿದ್ದದ್ದು ಮಹಾಯುದ್ಧ ಶುರುವಾಗುವ ಹೊತ್ತಿಗೆ ಕೆಲವೇ ಸಾವಿರಕ್ಕೆ ಬಂದಿತ್ತು. ಚೆಲ್ಲಿ 1914ರಲ್ಲಿ ತೀರಿಕೊಂಡರು. ಸಾವು ಇಳಿದಷ್ಟು ಜ್ವರ ಇಳಿದಿರಲಿಲ್ಲ. ಕ್ವಿನೈನ್ ರೋಗಿಯನ್ನು ಉಳಿಸುತ್ತದೆ, ಸೊಳ್ಳೆಯನ್ನು ಅದೇನೂ ಮಾಡದು. ಯುದ್ಧ ಬಂದು ವೈದ್ಯರು ರಣರಂಗಕ್ಕೆ ಹೋಗಿ ಔಷಧ ಸಿಗದಾದಾಗ ಜ್ವರ ಮತ್ತೆ ಉಕ್ಕಿತು.

ಗ್ರಾಸ್ಸಿಯ ಕತೆ ಕಹಿಯಾಯಿತು. 1902ರ ನೊಬೆಲ್ ಪ್ರಶಸ್ತಿ ರಾಸ್ ಒಬ್ಬನಿಗೇ ಹೋಯಿತು. ರಾಸ್ ಗ್ರಾಸ್ಸಿಯನ್ನು ಕೃತಿಚೌರ್ಯದವನೆಂದು ಬಹಿರಂಗವಾಗಿ ಜರೆದ. ಜರ್ಮನಿಯ ಹೆಸರಾಂತ ವಿಜ್ಞಾನಿ ರಾಬರ್ಟ್ ಕಾಖ್ ರಾಸ್‌ನ ಪರ ನಿಂತರು. ರಾಸ್‌ನ ಕೆಲಸವಿಲ್ಲದೆ ಗ್ರಾಸ್ಸಿಯದು ಇಲ್ಲ, ನಿಜ. ಆದರೆ ಮನುಷ್ಯನನ್ನು ಕಾಡುವ ಜೀವಿಯನ್ನು ಅನಾಫಿಲಿಸಿನಲ್ಲಿ ಕೊನೆಯವರೆಗೆ ಹಿಂಬಾಲಿಸಿದ್ದು ರೋಮಿನವರೇ. ಅವರನ್ನು ಬಿಟ್ಟದ್ದು ಅನ್ಯಾಯ ಎಂದೇ ನಾನು ಹೇಳುತ್ತೇನೆ. ನೊಂದ ಗ್ರಾಸ್ಸಿ ಮಲೇರಿಯಾ ಬಿಟ್ಟು ದ್ರಾಕ್ಷಿಬಳ್ಳಿಯ ಕೀಟಗಳ ಕಡೆ ಹೋದರು. ಯುದ್ಧದ ಸಮಯದಲ್ಲಿ ಜ್ವರ ಮರಳಿದಾಗ ಅವರೂ ಮರಳಿದರು. ಟೈಬರ್ ಸಮುದ್ರ ಸೇರುವ ಫಿಯುಮಿಚೀನೊದಲ್ಲಿ ರೋಗಿಗಳನ್ನು ನೋಡುತ್ತ, ಸೊಳ್ಳೆ ಎಣಿಸುತ್ತ ಕೊನೆಯ ವರ್ಷಗಳನ್ನು ಕಳೆದು 1925ರಲ್ಲಿ ತೀರಿಕೊಂಡರು.

ಅನಾಫಿಲಿಸ್ ಇದ್ದೂ ಜ್ವರವಿಲ್ಲದ ಊರುಗಳ ತೊಡಕು ಮಾತ್ರ ಅವರ ಕಾಲದಲ್ಲಿ ಪೂರ್ತಿ ಬಿಡಿಸಲಾಗಲಿಲ್ಲ. ಅದನ್ನು ಬಿಡಿಸಲು ಬೇಕಾದ ಎಳೆ ಸಿಕ್ಕಿದ್ದು ದೊಮೇನಿಕೊ ಫಲ್ಲೆರೋನಿ ಎಂಬ ನಿವೃತ್ತ ಆರೋಗ್ಯಾಧಿಕಾರಿಗೆ. ಒಂದೇ ಜಾತಿಯೆಂದು ಎಲ್ಲರೂ ತಿಳಿದಿದ್ದ ಸೊಳ್ಳೆಗಳನ್ನು ಬೇರೆ ಬೇರೆಯಾಗಿ ಮೊಟ್ಟೆಯಿಡಿಸಿ ನೋಡಿದಾಗ, ಮೊಟ್ಟೆಗಳ ಮೇಲಿನ ಕಪ್ಪು-ಬೂದು ಪಟ್ಟೆಗಳು ಬೇರೆ ಬೇರೆಯಾಗಿದ್ದವು. ತಾಯಿಯ ಪಟ್ಟೆಯೇ ಮಗಳ ಮೊಟ್ಟೆಯಲ್ಲೂ ಬರುತ್ತಿತ್ತು. ಕಣ್ಣಿಗೆ ಒಂದಾಗಿ ಕಂಡದ್ದು ಹಲವು ಬಗೆಗಳ ಗುಂಪಾಗಿತ್ತು. ಕೆಲವು ಬಗೆಗಳು ದನದ ರಕ್ತವನ್ನೇ ಬಯಸುತ್ತವೆ, ಕೆಲವು ಮನುಷ್ಯರನ್ನು ಹುಡುಕಿ ಬರುತ್ತವೆ ಎಂಬುದು ಇತರರ ಕೆಲಸದಿಂದ ಮುಂದೆ ತಿಳಿಯಿತು. 1926ರಲ್ಲಿ ಫಲ್ಲೆರೋನಿ ಎರಡು ಬಗೆಗಳಿಗೆ ಲಾಬ್ರಾಂಕಿಯೆ, ಮೆಸ್ಸೆಯೆ ಎಂದು ಹೆಸರಿಟ್ಟರು. ಲಾಬ್ರಾಂಕ, ಮೆಸ್ಸೆಯಾ ಇಬ್ಬರೂ ಸರ್ಕಾರಿ ಆರೋಗ್ಯ ಇಲಾಖೆಯಲ್ಲಿ ಅವರ ಜೊತೆಗಾರರು. ಮಧ್ಯ ಮತ್ತು ದಕ್ಷಿಣ ಇಟಲಿಯ ಕರಾವಳಿಯಲ್ಲಿ ಕೂಲಿಗಳ ಪ್ರಾಣ ತಿನ್ನುತ್ತಿದ್ದದ್ದು ಮುಖ್ಯವಾಗಿ ಲಾಬ್ರಾಂಕಿಯೆ. ಎರಡನೇ ಮಹಾಯುದ್ಧದ ನಂತರ ಡಿಡಿಟಿ ಹಿಡಿದು ಹಳ್ಳಿ ಹಳ್ಳಿಯ ಮನೆಗೋಡೆಗಳಿಗೆ ಸಿಂಪಡಿಸಲು ಹೋದವರಿಗೆ ಯಾವ ಸೊಳ್ಳೆಯನ್ನು ಎಲ್ಲಿ ಹುಡುಕಬೇಕೆಂಬುದು ಗೊತ್ತಿತ್ತು. 1970ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಟಲಿಯನ್ನು ಮಲೇರಿಯಾಮುಕ್ತ ದೇಶಗಳ ಪಟ್ಟಿಗೆ ಸೇರಿಸಿತು.